ಮಾವ ‘ನೋಡಾನ’ ಎಂದಿದ್ದ ಆಟ

ನಮ್ಮ ಮನೆಯಲ್ಲಿ ‘ನೋಡಾನ’ ಎಂಬ ಮಾತಿಗೆ ಇದ್ದದ್ದು ಒಂದೇ ಅರ್ಥ. ಆಗುವುದಿಲ್ಲ. ನಾನು ಶಿಕಾರಿಪುರದಿಂದ ಸೊರಬ ತಾಲ್ಲೂಕಿನ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ಮಿಕ್ಸಿ ತಂದರೆ ಹೇಗೆ ಎಂದು ಮಾವನನ್ನು ಕೇಳಿದ್ದೆ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತಾ ‘ನೋಡಾನ’ ಎಂದರು. ನಾನು ಪೆದ್ದಿ, ನೋಡುತ್ತಾರೆ ಎಂದೇ ನಂಬಿ ಎರಡು ತಿಂಗಳು ಕಾದೆ. ಕೊನೆಗೆ ಅತ್ತೆ ಒರಳುಕಲ್ಲಿನ ಹತ್ತಿರ ಕರೆದು, ‘ಅವ್ರು ನೋಡಾನ ಅಂದ್ರೆ ಮುಗೀತು ಕಣೇ, ಸುಮ್ನೆ ರುಬ್ಬು’ ಎಂದು ಬಿಡಿಸಿ ಹೇಳಿದರು. ಅಲ್ಲಿಂದ ಇಪ್ಪತ್ತೆರಡು ವರ್ಷ ಆ ಮಾತನ್ನು ನಾನು ಹಾಗೇ ಕೇಳಿಸಿಕೊಂಡು ಬಂದೆ. ಅತ್ತೆ ತೀರಿಕೊಂಡರು. ಅಂಗನವಾಡಿ ಕೆಲಸ ಸಿಕ್ಕ ಮೇಲೆ ಮಿಕ್ಸಿಯನ್ನು ನಾನೇ ತಂದೆ. ಮಾತಿನ ಅರ್ಥ ಮಾತ್ರ ಹಳೆಯದೇ ಉಳಿಯಿತು.

ಹೋದ ವರ್ಷ ಮಗಳು ಕಾಲೇಜಿನಿಂದ ಒಂದು ಅರ್ಜಿ ತಂದಳು. ಅವಳು ಸೊರಬದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದಳು, ಅಲ್ಲಿಯ ಹುಡುಗಿಯರ ಫುಟ್ಬಾಲ್ ತಂಡದಲ್ಲಿ ಗೋಲ್ ಕೀಪರ್. ಹಾಗೆಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ರೈಲ್ವೆ ಗೇಟ್ ಕಾಯುವವನ ಹಾಗೆ ಒಂದು ಕಡೆ ನಿಂತುಕೊಳ್ಳುವ ಕೆಲಸ ಇರಬೇಕು, ಸದ್ಯ ಓಡಾಟವಿಲ್ಲ ಎಂದುಕೊಂಡಿದ್ದೆ. ಈಗ ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವ ಶಿಬಿರಕ್ಕೆ ಅವಳ ಹೆಸರು ಹೋಗಿದೆಯಂತೆ. ಇಪ್ಪತ್ತು ದಿನದ ಶಿಬಿರ. ಅದರಲ್ಲಿ ಉಳಿದರೆ ಬೇರೆ ರಾಜ್ಯಕ್ಕೆ ಹೋಗಿ ಆಡುವುದು. ಮನೆಯವರ ಸಹಿ ಬೇಕು, ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದೊಳಗೆ ಬೇಕು. ಸಹಿ ಇಲ್ಲದಿದ್ದರೆ ಅವಳ ಜಾಗ ಇನ್ನೊಬ್ಬಳಿಗೆ ಹೋಗುತ್ತದೆ.

ನನ್ನ ಗಂಡ ಲೈನ್‌ಮನ್. ಯಾವ ಊರಲ್ಲಿ ಕರೆಂಟ್ ಹೋಗಿರುತ್ತದೋ ಆ ಊರಲ್ಲಿರುತ್ತಾರೆ. ‘ಅಪ್ಪನ್ನ ಕೇಳಿ’ ಎಂದು ಹೇಳಿ ಅವರು ಕಂಬ ಹತ್ತಲು ಹೋದರು. ಮಗಳು ಅಜ್ಜನನ್ನು ಕೇಳಿದಳು. ಮಾವ ಟೀವಿಯಿಂದ ಕಣ್ಣು ಕೀಳದೆ ‘ನೋಡಾನ’ ಎಂದರು.

ಮಗಳು ನನ್ನ ಮುಖ ನೋಡಿದಳು. ‘ನಾನೇನು ಮಾಡ್ಲಿ? ನಿಮ್ಮಜ್ಜ ಹಂಗಂದ ಮೇಲೆ ಮುಗೀತು’ ಎಂದು ನಾನು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಬಿಚ್ಚಿ ಓದಲೂ ಇಲ್ಲ. ಅವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಬೇಡ ಎಂದದ್ದು ಅಜ್ಜ, ಮುಖ ಊದಿಸಿಕೊಳ್ಳುವುದು ನನ್ನ ಹತ್ತಿರ. ಇದ್ಯಾವ ನ್ಯಾಯ ಎಂದು ನನಗೂ ಸಿಟ್ಟು ಬಂದು ಎರಡು ದಿನ ಅವಳಿಗೆ ಬರೀ ತಿಳಿಸಾರು ಬಡಿಸಿದೆ.

ಇದಾಗಿ ಒಂದು ವಾರಕ್ಕೆ ಶನಿವಾರ ಬಂತು. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ ಆ ಸಲ ಶಿಕಾರಿಪುರದಲ್ಲಿ. ಮಗಳು ಹಿಂದಿನ ದಿನವೇ ತಂಡದ ಜೊತೆ ಹೋಗಿದ್ದಳು. ನಾನು ದೋಸೆ ಹುಯ್ಯುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇಸ್ತ್ರಿಯ ಪಂಚೆ, ಬಿಳಿ ಅಂಗಿ, ತಲೆಗೆ ರುಮಾಲು, ಹೆಗಲಿಗೆ ಬಟ್ಟೆಯ ಚೀಲ. ಈ ವೇಷ ಮದುವೆಗೆ ಮತ್ತು ಹೋರಿ ಹಬ್ಬಕ್ಕೆ ಮಾತ್ರ.

‘ಎಷ್ಟೊತ್ತಿಗವ್ವ ಬಸ್ಸು?’

‘ಎಲ್ಲಿಗೆ ಮಾವ?’

‘ಶಿಕಾರಿಪುರಕ್ಕೆ. ಹುಡುಗಿ ಆಟ ಇವತ್ತಲ್ವಾ? ನೋಡಾನ ಅಂದಿದ್ನಲ್ಲ ಅವತ್ತು?’

ಕಾವಲಿಯ ಮೇಲೆ ದೋಸೆ ಸೀದು ಹೊಗೆ ಬಂತು. ಅವರು ನಿಜಕ್ಕೂ ನೋಡುತ್ತೇನೆ ಎಂದಿದ್ದರೇ? ಅಥವಾ ಆಟ ನೋಡಿ, ಇಂಥದ್ದಕ್ಕೆಲ್ಲ ಮನೆಯ ಹುಡುಗಿಯನ್ನು ಕಳಿಸುವುದಿಲ್ಲ ಎಂದು ಖಡಾಖಂಡಿತ ಹೇಳಲು ಹೊರಟಿದ್ದಾರೆಯೇ? ಮಗಳು ಚಡ್ಡಿ ಹಾಕಿಕೊಂಡು ಆಡುವುದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ತಲೆ ಮೊಸರು ಗಡಿಗೆಯಾಯಿತು. ಏನೇ ಆಗಲಿ, ಅವರೊಬ್ಬರನ್ನೇ ಕಳಿಸುವುದು ಬೇಡವೆಂದು ಸೀರೆ ಬದಲಿಸಿ ಹೊರಟೆ.

ಸೊರಬದಲ್ಲಿ ಸರ್ಕಾರಿ ಬಸ್ ಸಿಕ್ಕಿತು. ನನಗೆ ಪುಕ್ಕಟೆ, ಮಾವನಿಗೆ ಟಿಕೆಟ್. ‘ಹೆಂಗಸ್ರು ಆಟ ಆಡೋಕೂ ಹೊಂಟ್ರು, ಬಸ್ಸೂ ಅವರ್ದೇ ಆತು’ ಎಂದು ಕಂಡಕ್ಟರಿಗೆ ಹೇಳಿದರು. ಅದು ತಮಾಷೆಯೋ ಬೇಸರವೋ ಗೊತ್ತಾಗಲಿಲ್ಲ. ಅವರ ಚೀಲದಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ದಾರಿಯಲ್ಲಿ ತಿನ್ನಲು ಇಟ್ಟುಕೊಂಡಿರಬೇಕು ಎಂದುಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ, ಉಡುತಡಿಯ ತಿರುವು ದಾಟಿ ಶಿಕಾರಿಪುರ ಮುಟ್ಟಿದರೂ ಅವರು ಚೀಲ ಬಿಚ್ಚಲಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಊರೂರಲ್ಲಿ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಅಖಾಡದಲ್ಲಿ ನಿಂತವರು ಮೈಮೇಲೆ ಬಿದ್ದು ಆ ಕೊಬ್ಬರಿ ಹರಿಯಬೇಕು. ಹರಿದರೆ ಕೊಬ್ಬರಿ ಹಿಡಿದವನದು. ಯಾರ ಕೈಗೂ ಸಿಗದೆ ಹೋದರೆ ಹೋರಿ ಗೆದ್ದ ಹಾಗೆ, ಕೊಬ್ಬರಿ ಹೋರಿಯದೇ. ಮಾವ ಪ್ರಾಯದಲ್ಲಿ ಹೋರಿ ಹಿಡಿಯುವುದರಲ್ಲಿ ಹೆಸರು ಮಾಡಿದವರು. ಅದರ ಗುರುತಾಗಿ ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಊಟ ಮಾಡುವಾಗ ಆ ಎರಡು ಬೆರಳು ನೆಟ್ಟಗೆ ನಿಂತಿರುತ್ತವೆ, ಅನ್ನ ಕಲಸುವುದೆಲ್ಲ ಉಳಿದ ಮೂರರಲ್ಲಿ. ನಾನು ದಿನಾ ಬಡಿಸುವಾಗ ನೋಡುತ್ತೇನೆ.

ಕ್ರೀಡಾಂಗಣದ ಬಾಗಿಲಲ್ಲಿ ವಿಶ್ವವಿದ್ಯಾಲಯದ ಹೆಸರಿನ ದೊಡ್ಡ ಬ್ಯಾನರ್ ಕಟ್ಟಿದ್ದರು. ಮಾವ ಅದನ್ನು ನಿಧಾನವಾಗಿ ಓದಿ, ಒಳಗೆ ಹೋಗಿ ನಾಲ್ಕೂ ದಿಕ್ಕು ನೋಡಿದರು.

‘ವಿಶ್ವವಿದ್ಯಾಲಯ ಎಲ್ಲೈತೆ?’

‘ಅದು ಇಲ್ಲಿಲ್ಲ ಮಾವ.’

‘ಬೋರ್ಡು ಇಲ್ಲೈತಲ್ಲ?’

‘ಬೋರ್ಡು ಅವರ್ದು, ಮೈದಾನ ಈ ಊರಿಂದು.’

‘ಅವ್ರ ಮೈದಾನದಾಗೆ ಅವ್ರ ಆಟ ಆಡ್ಸೋಕೆ ಏನಾಗಿತ್ತು?’

ಈ ಮೈದಾನದ ಪಕ್ಕದ ರಸ್ತೆಯಲ್ಲೇ ಮೂರು ವರ್ಷ ಕಾಲೇಜಿಗೆ ಓಡಾಡಿದವಳು ನಾನು. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಹುಡುಗರು ಆಡುತ್ತಿರುತ್ತಾರೆ ಎಂದು ನಾವು ಗೆಳತಿಯರು ತಲೆ ತಗ್ಗಿಸಿ ಕಾಂಪೌಂಡಿನ ಆಚೆ ಬದಿಯಿಂದಲೇ ಹೋಗುತ್ತಿದ್ದೆವು. ಈಗ ಆ ಮೈದಾನದ ನಡುವೆ ನನ್ನ ಮಗಳು ಮೊಣಕಾಲು ತೋರಿಸಿಕೊಂಡು ಕುಣಿಯುತ್ತಿದ್ದಳು. ನಾನು ಮಾವನ ಮುಖ ನೋಡಿದೆ. ಅವರು ಚಡ್ಡಿಯ ಸುದ್ದಿ ಎತ್ತಲಿಲ್ಲ. ‘ನಮ್ಮ ಹುಡುಗಿಗೊಬ್ಬಳಿಗೆ ಯಾಕೆ ಹಳದಿ ಅಂಗಿ? ನೀಲಿ ಸಾಲದೆ ಬಂತಾ?’ ಎಂದರು. ಅದು ನನಗೂ ಹೊಳೆದಿದ್ದ ಪ್ರಶ್ನೆಯೇ.

ನಮ್ಮ ಎದುರಾಳಿ ಶಿಕಾರಿಪುರದ ಕಾಲೇಜು, ಅಂದರೆ ನಾನು ಓದಿದ ಕಾಲೇಜು. ಕೆಂಪು ಅಂಗಿಯವರು. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ‘ನೀವು ಯಾವ ಕಡೇರಿ ಅಕ್ಕಾ?’ ಎಂದಳು. ‘ತವರು ಇದು, ಮಗಳು ಅದು’ ಎಂದೆ. ‘ಹಂಗಾದ್ರ ಯಾರು ಗೆದ್ರೂ ನಿಮಗ ಹೋಳಿಗಿ ಬಿಡ್ರಿ’ ಎಂದು ನಕ್ಕಳು. ಅವಳಿಗೇನು ಗೊತ್ತು? ನನ್ನ ಬ್ಯಾಗಿನಲ್ಲಿ ನಾಲ್ಕು ಮಡಿಕೆಯ ಅರ್ಜಿ ಇತ್ತು. ನಾಡಿದ್ದು ಸೋಮವಾರ. ಮಾವ ಏನು ಹೇಳುತ್ತಾರೋ ಎಂಬ ದಿಗಿಲಿನಲ್ಲಿ ನನಗೆ ಯಾವ ಹೋಳಿಗೆಯೂ ಬೇಕಿರಲಿಲ್ಲ.

ಅಷ್ಟರಲ್ಲಿ ಮಗಳ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ನಮ್ಮ ಹತ್ತಿರ ಬಂದರು. ಹುಡುಗಿಯರೆಲ್ಲ ‘ಪಿ.ಡಿ. ಸರ್’ ಎನ್ನುವುದು ಇವರನ್ನೇ. ನಾನು ಮಾವನಿಗೆ ‘ಇವ್ರು ಪಿ.ಡಿ. ಸರ್’ ಎಂದು ಪರಿಚಯಿಸಿದೆ. ಮಾವ ಎದ್ದು ನಿಂತು ಕೈ ಮುಗಿದರು.

‘ಸಾಹೇಬ್ರೆ, ನಮ್ಮ ಮನೆ ಇ-ಸ್ವತ್ತು ಪತ್ರಕ್ಕೆ ಅರ್ಜಿ ಹಾಕಿ ಆರು ತಿಂಗಳಾತು. ಪಂಚಾಯ್ತಿಗೆ ಹೋದ್ರೆ ನೀವು ಇರಲ್ಲ. ಇಲ್ಲಿ ಸಿಕ್ರಲ್ಲ, ಪುಣ್ಯ.’

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಮೈದಾನ ನೋಡಿದೆ. ಇವರು ಪಂಚಾಯ್ತಿಯ ಪಿಡಿಒ ಅಲ್ಲ, ಬರೀ ಪಿ.ಡಿ., ಆಟ ಕಲಿಸುವವರು ಎಂದು ತಿಳಿಸಿ ಹೇಳುವಷ್ಟರಲ್ಲಿ ಸೀಟಿ ಊದಿ ಆಟ ಶುರುವಾಗಿತ್ತು. ‘ಒಂದು ಒ ಇಲ್ದಿದ್ರೆ ಇಷ್ಟು ವ್ಯತ್ಯಾಸಾನಾ?’ ಎಂದು ಮಾವ ಗೊಣಗುತ್ತಾ ಕೂತರು.

ಆಟ ಅರ್ಥವಾಗುತ್ತದೆ ಎಂದು ನಾನು ಭಾವಿಸಿದ್ದೆ. ಒಂದು ಚೆಂಡು, ಎರಡು ಬಲೆ, ಅದರಲ್ಲೇನಿದೆ? ಆದರೆ ಐದು ನಿಮಿಷಕ್ಕೊಮ್ಮೆ ಸೀಟಿ. ಯಾಕೆ ನಿಲ್ಲಿಸಿದರು, ಯಾರಿಗೆ ಕೊಟ್ಟರು, ಗೆರೆಯ ಹತ್ತಿರ ಬಾವುಟ ಹಿಡಿದವನು ಯಾಕೆ ಓಡುತ್ತಾನೆ, ಒಂದೂ ತಿಳಿಯದು. ಮಾವ ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದರು. ಕಾಲೇಜು ಓದಿದ ಸೊಸೆಗೆ ಗೊತ್ತಿರಲೇಬೇಕು ಎಂಬ ನಂಬಿಕೆ.

‘ಈಗ್ಯಾಕೆ ನಿಲ್ಸಿದ್ರು?’

ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿಸಿಕೊಂಡು ‘ಆಫ್ ಸೈಡಂತೆ ಮಾವ’ ಎಂದೆ.

‘ಹಂಗಂದ್ರೆ?’

‘ಆ ಸೈಡು ಆಫಂತೆ.’

‘ಏನು ಆಫು? ಕರೆಂಟಾ?’

ಲೈನ್‌ಮನ್‌ನ ಅಪ್ಪನಿಗೆ ಇನ್ನೇನು ಹೊಳೆಯುತ್ತದೆ? ‘ಹೂಂ, ಅಂಥದ್ದೇ’ ಎಂದುಬಿಟ್ಟೆ. ಅವರು ಗಂಭೀರವಾಗಿ ತಲೆಯಾಡಿಸಿ, ಹಗಲು ಹೊತ್ತಿನಲ್ಲಿ ಅದರಿಂದ ಆಟಕ್ಕೇನು ತೊಂದರೆ ಎಂದು ಮುಂದಿನ ಪ್ರಶ್ನೆ ಹಾಕಿದರು. ಕೇಳಿಸದವಳ ಹಾಗೆ ಕೂತೆ.

ಆಮೇಲೆ ಕೆಂಪು ಅಂಗಿಯ ಒಬ್ಬಳು, ಬೆನ್ನಿಗೆ ಒಂಬತ್ತು ಎಂದು ಬರೆದುಕೊಂಡವಳು, ಚೆಂಡು ತಳ್ಳಿಕೊಂಡು ನಮ್ಮ ನಾಲ್ಕು ಹುಡುಗಿಯರ ನಡುವೆ ನುಸುಳಿ ಬಂದಳು. ಕಡ್ಡಿಯಂಥ ಹುಡುಗಿ. ಮಾವ ಧಡಕ್ಕನೆ ಎದ್ದರು. ‘ಹೋತು! ಹೋತು! ಸಿಗ್ಲಿಲ್ಲ!’ ಎಂದು ಕೂಗಿ, ರುಮಾಲು ತೆಗೆದು ಗಾಳಿಯಲ್ಲಿ ತಿರುಗಿಸಿದರು. ನಮ್ಮ ಸೊರಬದ ಕಡೆಯವರೆಲ್ಲ ತಿರುಗಿ ನೋಡಿದರು. ನಾನು ಅವರ ಅಂಗಿ ಹಿಡಿದು ಎಳೆದೆ.

‘ಮಾವ, ಕೂತ್ಕೊಳ್ಳಿ! ಅದು ಅವ್ರ ಹುಡುಗಿ!’

‘ಇರ್ಲಿ ಬಿಡು. ಓಟ ಯಾರ್ದಾದ್ರೂ ಓಟಾನೇ.’

ಅವಳು ಒದ್ದ ಚೆಂಡು ಬಲೆಯ ಕಂಬಕ್ಕೆ ಬಡಿದು ಆಚೆ ಹೋಯಿತು. ನನ್ನ ಜೀವ ಬಾಯಿಗೆ ಬಂದು ಹಿಂದಕ್ಕೆ ಹೋಯಿತು. ಮಗಳು ಸೋತು ಬಂದರೆ ಈ ಹುಚ್ಚು ಬಿಡುತ್ತದೆ, ಶಿಬಿರದ ಮಾತೂ ನಿಲ್ಲುತ್ತದೆ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಮನಸ್ಸಿನ ಮೂಲೆಯಲ್ಲಿ ಅನಿಸಿತ್ತು. ಹಾಗಿದ್ದವಳಿಗೆ ಕಂಬಕ್ಕೆ ಬಡಿದ ಚೆಂಡು ಕಂಡು ಯಾಕೆ ಅಷ್ಟು ಸಮಾಧಾನವಾಯಿತೋ ಏನೋ.

ಅರ್ಧ ಆಟ ಮುಗಿದಾಗ ಯಾರದೂ ಗೋಲಾಗಿರಲಿಲ್ಲ. ಮಾವನಿಗೆ ಮಂಡಕ್ಕಿ, ಮಿರ್ಚಿ ತರಲು ನಾನು ಗೇಟಿನ ಹೊರಗೆ ಹೋದೆ. ಅಲ್ಲಿ ಗದ್ದಲ. ಹಳೆಯ ಪರಿಚಯದವಳೊಬ್ಬಳು ಸಿಕ್ಕಿ, ತವರಿನ ಸಮಾಚಾರವೆಲ್ಲ ಮುಗಿಸಿ ಬರುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಒಳಗೆ ಬಂದು ನೋಡುತ್ತೇನೆ, ನನ್ನ ಮಗಳು ನಿಂತಿದ್ದ ಬಲೆಯ ಮುಂದೆ ಕೇಸರಿ ಅಂಗಿಯ ಬೇರೆ ಯಾರೋ ನಿಂತಿದ್ದಾಳೆ! ಗಿಡ್ಡಗೆ, ಎರಡು ಜಡೆ. ನನ್ನ ಮಗಳ ಸುಳಿವೇ ಇಲ್ಲ. ಮಕ್ಕಳನ್ನು ಎಣಿಸಿ ಎಣಿಸಿ ಕಣ್ಣು ಪಳಗಿದವಳು ನಾನು. ನಮ್ಮ ಅಂಗನವಾಡಿಯಲ್ಲಿ ಒಂದು ಮಗು ಕಡಿಮೆಯಾದರೆ ನನಗೆ ಬೆನ್ನಲ್ಲಿ ಗೊತ್ತಾಗುತ್ತದೆ.

ಮಂಡಕ್ಕಿ, ಮಿರ್ಚಿಯ ಪೊಟ್ಟಣ ಹಿಡಿದುಕೊಂಡೇ ನಾನು ಗ್ಯಾಲರಿ ಇಳಿದು, ಹಗ್ಗ ದಾಟಿ, ಮೇಷ್ಟ್ರು ಕೂತಿದ್ದ ಬೆಂಚಿಗೆ ಹೋದೆ.

‘ಏನ್ರೀ ಸರ್, ನನ್ನ ಮಗಳನ್ನ ಯಾಕ್ರೀ ತೆಗೆದ್ರಿ? ಏನು ತಪ್ಪು ಮಾಡಿದ್ಲು? ಒಂದಾದ್ರೂ ಗೋಲು ಬಿಟ್ಲಾ? ಅವ್ಳು ಬೆಳಿಗ್ಗೆ ಐದಕ್ಕೆದ್ದು, ಸಗಣಿ ಬಾಚಿ, ಆಮೇಲೆ ಓಡೋಕೆ ಹೋಗೋಳು. ಒಂದು ದಿನ ತಪ್ಪಿಸಿಲ್ಲ. ಅವ್ಳನ್ನ ಕೂರ್ಸಿ, ಈ ಎರಡು ಜಡೆಯವಳನ್ನ ಎಲ್ಲಿಂದ ತಂದ್ರಿ? ಯಾರ ಶಿಫಾರಸು?’

ಮೇಷ್ಟ್ರು ಪಾಪ, ಏಳಲೂ ಆಗದೆ ಕೂರಲೂ ಆಗದೆ ‘ಅಮ್ಮಾ, ಒಂದ್ನಿಮಿಷ… ಅಮ್ಮಾ…’ ಎನ್ನುತ್ತಾ ಮೈದಾನದ ಆ ತುದಿಗೆ ಬೆರಳು ತೋರಿಸಿದರು. ಅಷ್ಟು ದೂರದಲ್ಲಿ, ಆ ಬಲೆಯ ಮುಂದೆ ಹಳದಿ ಅಂಗಿ. ನನ್ನ ಮಗಳು ಸೊಂಟಕ್ಕೆ ಕೈ ಕೊಟ್ಟು ನಮ್ಮನ್ನೇ ನೋಡುತ್ತಿದ್ದಳು.

‘ಅರ್ಧ ಆದ್ಮೇಲೆ ಕಡೆ ಬದಲಾಗ್ತಾವೆ ಅಮ್ಮಾ. ಇವಳು ಅವರ ಕೀಪರು.’

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೆಂಚಿನ ಮೇಲಿದ್ದ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು. ಪೊಟ್ಟಣವನ್ನು ಮೇಷ್ಟ್ರ ಕೈಗೆ ತುರುಕಿ, ‘ಮಿರ್ಚಿ ತಿನ್ರಿ ಸರ್’ ಎಂದು ಹೇಳಿ ಹಿಂದಕ್ಕೆ ಬಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬರಿಗೈಯನ್ನು ನೋಡಿ ‘ಮಂಡಕ್ಕಿ?’ ಎಂದರು.

ಪೂರ್ತಿ ಹೊತ್ತು ಮುಗಿದರೂ ಗೋಲಾಗಲಿಲ್ಲ. ಎಲ್ಲರೂ ಮನೆಗೆ ಹೋಗುತ್ತಾರೆ ಎಂದು ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡರೆ, ಯಾರೂ ಏಳುತ್ತಿಲ್ಲ. ಇನ್ನು ಐದೈದು ಒದೆತವಂತೆ. ಹುಡುಗಿಯರೆಲ್ಲ ನಡುಗೆರೆಗೆ ಹೋಗಿ ನಿಂತರು. ಒಂದೇ ಬಲೆ. ಬಲೆಯ ಮುಂದೆ ಒಬ್ಬಳು, ಚೆಂಡಿನ ಹಿಂದೆ ಒಬ್ಬಳು.

ಮಾವನ ಬೆನ್ನು ನೆಟ್ಟಗಾಯಿತು. ‘ಹಾಂ! ಈಗ ಶುರುವಾತು ನೋಡು ಆಟ!’ ಎಂದರು. ‘ಒಂದು ಹೋರಿ, ಒಬ್ಬ ಹಿಡಿಯೋನು. ಉಳಿದೋರು ಆಚೆ. ಇದನ್ನ ಬೆಳಿಗ್ಗೆಯಿಂದ ಮಾಡ್ಬೌದಿತ್ತಲ್ಲ, ಸುಮ್ನೆ ಅಷ್ಟು ಹೊತ್ತು ಯಾಕೆ ಓಡ್ಸಿದ್ರು?’

ಅಲ್ಲಿಂದ ಅವರು ನನ್ನನ್ನು ಏನೂ ಕೇಳಲಿಲ್ಲ. ಅವರೇ ನನಗೆ ಹೇಳತೊಡಗಿದರು. ‘ಕಣ್ಣು ಚೆಂಡಿನ ಮ್ಯಾಲಿಡಬಾರ್ದು, ಅವ್ಳ ಭುಜದ ಮ್ಯಾಲಿಡಬೇಕು. ಹೋರಿನೂ ಹಂಗೇ, ಭುಜ ಎತ್ತ ತಿರುಗ್ತೈತೋ ಅತ್ತ ನುಗ್ತೈತೆ.’ ಮಗಳು ಮೊದಲನೆಯದನ್ನು ಬಿಟ್ಟಳು. ಎರಡನೆಯದಕ್ಕೆ ಎಡಕ್ಕೆ ಹಾರಿ ಎರಡೂ ಕೈಯಲ್ಲಿ ತಬ್ಬಿ ನೆಲಕ್ಕೆ ಬಿದ್ದಳು. ಗ್ಯಾಲರಿಗೆ ಗ್ಯಾಲರಿಯೇ ಎದ್ದಿತು. ನಾನು ಪಕ್ಕದ ಹೆಂಗಸನ್ನು ತಬ್ಬಿಕೊಂಡೆ, ಅವಳು ಶಿಕಾರಿಪುರದ ಕಡೆಯವಳೆಂಬುದೂ ಮರೆತುಹೋಗಿತ್ತು. ಮೂರನೆಯದು ಹೋಯಿತು. ನಾಲ್ಕನೆಯದನ್ನು ಬೆರಳ ತುದಿಯಲ್ಲಿ ತಳ್ಳಿದಳು. ಎದ್ದವಳು ಬಲಗೈಯನ್ನು ಜಾಡಿಸಿದಳು, ಮತ್ತೆ ಜಾಡಿಸಿದಳು. ನಾನು ಮಾವನ ಕೈ ನೋಡಿದೆ. ಎರಡು ಬೆರಳು ನೆಟ್ಟಗೆ ನಿಂತಿದ್ದವು.

ನಮ್ಮವರೂ ಎರಡೇ ಗೋಲು ಹೊಡೆದಿದ್ದರು, ಅವರವೂ ಎರಡು. ಕೊನೆಯ ಒದೆತ ಅವರದು. ಹಿಡಿದರೆ ಆಟ ಉಳಿಯುತ್ತದೆ, ಬಿಟ್ಟರೆ ಹೋಯಿತು. ಒಂಬತ್ತನೇ ನಂಬರಿನ ಕಡ್ಡಿ ಹುಡುಗಿ ಬಂದಳು. ಮಗಳು ಬಲಕ್ಕೆ ಹಾರಿದಳು. ಚೆಂಡೂ ಬಲಕ್ಕೇ ಹೋಯಿತು. ಕೈಗೆ ತಾಗಿತು ಎಂದೇ ನನಗೆ ಕಂಡಿತು, ಆದರೆ ಬಲೆ ಅಲುಗಾಡಿತು.

ಕೆಂಪು ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಮಗಳು ಹುಲ್ಲಿನ ಮೇಲೆ ಮುಖ ಕೆಳಗಾಗಿ ಮಲಗಿದಳು. ಮತ್ತು ಮಾವ, ನನ್ನ ಮಾವ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ತಡೆಯುವ ಮೊದಲೇ ಗ್ಯಾಲರಿ ಇಳಿದು ಮೈದಾನಕ್ಕೆ ಹೋದರು. ಮಗಳ ಪಕ್ಕದಿಂದಲೇ ದಾಟಿ ಹೋಗಿ, ಒಂಬತ್ತನೇ ನಂಬರಿನವಳ ಮುಂದೆ ನಿಂತು ಚೀಲ ಬಿಚ್ಚಿದರು. ಒಳಗಿಂದ ಒಂದು ಕೊಬ್ಬರಿ ಗಿಟುಕು ತೆಗೆದು, ಅದಕ್ಕೆ ಕಟ್ಟಿದ್ದ ಕೆಂಪು ದಾರ ಸರಿಮಾಡಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು. ಆ ಹುಡುಗಿ ತಿನ್ನಬೇಕೋ ಕೈ ಮುಗಿಯಬೇಕೋ ತಿಳಿಯದೆ ಅವರ ಕಾಲು ಮುಟ್ಟಿದಳು. ಮಗಳು ತಲೆಯೆತ್ತಿ ಇದೆಲ್ಲವನ್ನೂ ನೋಡುತ್ತಿದ್ದಳು.

ಅವಳ ಮುಖ ಕಂಡು ನನ್ನ ಕರುಳು ಚುರ್ ಎಂದಿತು. ಸೋತದ್ದಕ್ಕಲ್ಲ. ತಾನು ಸೋತಿದ್ದಕ್ಕೆ ಅಜ್ಜ ಸಂಭ್ರಮ ಪಡುತ್ತಿದ್ದಾನೆ, ಇನ್ನು ತನ್ನನ್ನು ಮನೆಯಲ್ಲಿ ಕೂರಿಸಬಹುದೆಂದು ಗೆದ್ದವಳಿಗೆ ಉಡುಗೊರೆ ಕೊಡುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದೆ. ಮುದುಕನಿಗೆ ಎಂಥ ಕಲ್ಲೆದೆ ಎಂದು ಮನಸ್ಸಿನಲ್ಲೇ ಬೈದೆ.

ಮೇಷ್ಟ್ರಿಗೆ ಹೇಳಿ ಮಗಳನ್ನು ನಮ್ಮ ಜೊತೆಗೇ ಬಸ್ಸಿಗೆ ಹತ್ತಿಸಿದೆ, ಶಿರಾಳಕೊಪ್ಪದವರೆಗೆ ಅವಳು ಕಿಟಕಿಯ ಕಡೆಯೇ ಮುಖ ಮಾಡಿ ಕೂತಳು. ಶಿರಾಳಕೊಪ್ಪದ ನಿಲ್ದಾಣದಲ್ಲಿ ಸೊರಬದ ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತೆವು. ನಡುವೆ ಮಾವ, ಆ ಕಡೆ ಮಗಳು, ಈ ಕಡೆ ನಾನು. ಮಾವ ಅವಳ ಬಲಗೈ ಎಳೆದುಕೊಂಡರು. ಬೆರಳು ಊದಿತ್ತು.

‘ಮಡಚು.’

ಅವಳು ಮುಖ ಆಚೆ ತಿರುಗಿಸಿಕೊಂಡೇ ಮಡಚಿದಳು. ಒಂದೊಂದೇ ಬೆರಳು ಮುಟ್ಟಿ ಮಡಚಿಸಿದರು, ಬಿಡಿಸಿದರು. ‘ಐದೂ ಮಡಚ್ತಾವೆ. ಏನಾಗಿಲ್ಲ. ಅರಿಶಿಣ ಹಚ್ಚು’ ಎಂದರು.

ಅವಳು ಒಮ್ಮೆಲೇ ಅತ್ತಳು. ‘ನಾನು ಸೋತೆ ಅಂತ ಅಷ್ಟು ಖುಷಿ ಆಯ್ತಾ ಅಜ್ಜ ನಿಂಗೆ? ಅವ್ಳಿಗೆ ಕೊಬ್ಬರಿ ಬೇರೆ!’

ಮಾವ ಕಕ್ಕಾಬಿಕ್ಕಿಯಾದರು. ಇಡೀ ದಿನ ಗೊಂದಲದಲ್ಲಿ ಮುಳುಗಿದ್ದವಳು ನಾನು, ಈಗ ಅವರ ಸರದಿ.

‘ಹೋರಿ ಸಿಗದೆ ಹೋದ್ರೆ ಕೊಬ್ಬರಿ ಹೋರಿದೇ ಅಲ್ವೇನೇ? ಹಿಡಿದಿದ್ರೆ ನಿಂದು. ನಿಂಗೆ ಅಂತಾನೇ ತಂದಿದ್ದೆ. ಬಿಟ್ಟೆ, ಅವ್ಳಿಗೆ ಹೋತು. ಅದಕ್ಕೆ ಅಳ್ತಾರಾ? ಕೊಬ್ಬರಿ ಕೈ ತಪ್ಪಿದೋನು ಮನೇಲಿ ಕೂರಲ್ಲ, ಮುಂದಿನ ಊರಿನ ಅಖಾಡಕ್ಕೆ ಹೋಗ್ತಾನೆ.’

ಮಗಳು ಮೂಗು ಒರೆಸಿಕೊಂಡಳು. ‘ಮತ್ತೆ ಶಿಬಿರಕ್ಕೆ ಬ್ಯಾಡ ಅಂದಿದ್ಯಲ್ಲ?’

‘ನಾನು ಯಾವತ್ತು ಬ್ಯಾಡ ಅಂದೆ? ನೋಡಾನ ಅಂದೆ. ಇವತ್ತು ಬಂದು ನೋಡ್ದೆ.’

ನನಗೆ ತಡೆಯಲಾಗಲಿಲ್ಲ. ‘ಅಲ್ಲ ಮಾವ, ನೀವು ನೋಡಾನ ಅಂದ್ರೆ ಬ್ಯಾಡ ಅಂತಲ್ವಾ? ಇಪ್ಪತ್ತೆರಡು ವರ್ಷದಿಂದ ನಾನು ನೋಡಿಲ್ವಾ? ಮಿಕ್ಸಿಗೂ ನೋಡಾನ ಅಂದಿದ್ರಿ, ತಂದ್ರಾ?’

‘ಮಿಕ್ಸಿ?’ ಮಾವ ನಿಲ್ದಾಣದ ಎದುರಿನ ಅಂಗಡಿ ಸಾಲಿನ ಕಡೆ ಕೈ ತೋರಿಸಿದರು. ‘ಇದೇ ಶಿರಾಳಕೊಪ್ಪದಾಗೆ, ಅಗೋ ಅಲ್ಲಿ, ಅಂಗಡೀಲಿ ನೋಡ್ಕಂಡು ಬಂದಿದ್ದೆ. ಬಿಳೀದು. ನಿಮ್ಮತ್ತೇನೇ ಬ್ಯಾಡ ಅಂದ್ಲು. ಸೊಸೆ ಹೊಸಬಳು, ಕರೆಂಟು ಗಿರೆಂಟು ಹೊಡೆದ್ರೆ ಅವರ ಮನೆಯೋರಿಗೆ ಏನು ಹೇಳಾದು, ಒರಳುಕಲ್ಲು ಗಟ್ಟಿ ಐತೆ ಅಂದ್ಲು. ಅವ್ಳಿಗೆ ಎಲ್ಲದಕ್ಕೂ ಹೆದರಿಕೆ. ನಿಂಗೆ ಹೇಳಿರ್ಲಿಲ್ವಾ?’

ಒರಳುಕಲ್ಲಿನ ಪಕ್ಕ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದ್ದು ನೆನಪಾಯಿತು. ಅವರು ನೋಡಾನ ಅಂದ್ರೆ ಮುಗೀತು. ಮಾವನ ಬಾಯಿಂದ ‘ಬ್ಯಾಡ’ ಎಂಬ ಮಾತನ್ನು ನಾನು ಯಾವಾಗ ಕೇಳಿದ್ದೆ? ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಅತ್ತೆಯ ದನಿಯಲ್ಲಿತ್ತು, ಆಮೇಲಿನದು ನನ್ನದೇ ದನಿಯಲ್ಲಿ.

‘ಹಂಗಾದ್ರೆ ಹೋಗ್ಲಾ ಅಜ್ಜ?’ ಎಂದಳು ಮಗಳು.

‘ನನ್ನ ಯಾಕೆ ಕೇಳ್ತಿ? ಹೆತ್ತೋಳು ಅಲ್ಲಿ ಕೂತಾಳೆ. ನಿನ್ನ ತೆಗೆದ್ರು ಅಂತ ಮಿರ್ಚಿ ಹಿಡ್ಕಂಡು ಜಗಳಕ್ಕೆ ಹೋದೋಳು ಅವ್ಳು, ನಾನಲ್ಲ. ಅವ್ಳನ್ನ ಕೇಳು.’

ಮಗಳು ಅಜ್ಜನ ಹಿಂದಿನಿಂದ ಬಗ್ಗಿ ನನ್ನನ್ನು ನೋಡಿದಳು. ‘ಅಮ್ಮಾ, ಹೋಗ್ಲಾ?’

ನಾನು ಅವಳ ಊದಿದ ಬೆರಳು ನೋಡಿದೆ. ಇಪ್ಪತ್ತು ದಿನ ಎಲ್ಲಿ ಮಲಗುತ್ತಾಳೋ, ಬೇರೆ ರಾಜ್ಯದಲ್ಲಿ ಯಾವ ಭಾಷೆಯೋ, ಬೆರಳು ಮುರಿದುಕೊಂಡು ಬಂದರೆ ನಾಳೆ ಹೆಣ್ಣು ನೋಡಲು ಬಂದವರು ಏನೆನ್ನುತ್ತಾರೋ. ಹೂಂ ಎನ್ನಬೇಕು ಎಂದೇ ಬಾಯಿ ತೆರೆದೆ.

‘ನೋಡೋಣ’ ಎಂದೆ.

ಮಗಳು ಸೆಟೆದು ನೇರವಾಗಿ ಕೂತಳು. ‘ಮುಗೀತು’ ಎಂದು ತನಗೆ ತಾನೇ ಹೇಳಿಕೊಂಡಳು. ಮಾವ ನನ್ನ ಕಡೆ ತಿರುಗಲಿಲ್ಲ. ಎಲೆ ತೆಗೆದು ಸುಣ್ಣ ಸವರತೊಡಗಿದರು.

ಸೊರಬದ ಬಸ್ ಬಂದು ನಿಂತಿತು. ಅವರಿಬ್ಬರೂ ಎದ್ದರು. ನಾನು ಕೂತೇ ಇದ್ದೆ. ಬ್ಯಾಗಿನಿಂದ ಅರ್ಜಿ ತೆಗೆದು ನಾಲ್ಕು ಮಡಿಕೆಯನ್ನೂ ಬಿಚ್ಚಿ ಮೊದಲ ಸಲ ಓದಿದೆ. ಅದರಲ್ಲಿ ಅಜ್ಜನಿಗೆ ಜಾಗವೇ ಇರಲಿಲ್ಲ. ಕೆಳಗೆ ಒಂದೇ ಗೆರೆ, ಅದರಡಿ ‘ತಂದೆ ಅಥವಾ ತಾಯಿಯ ಸಹಿ’ ಎಂದಿತ್ತು. ಎಂಟು ದಿನ ಅದು ನನ್ನ ಬ್ಯಾಗಿನಲ್ಲೇ ಇತ್ತು.

‘ಹತ್ತ್ರೀ ಅಮ್ಮಾ, ಹೊರಡ್ಬೇಕು’ ಎಂದ ಕಂಡಕ್ಟರ್.

‘ಒಂದು ಪೆನ್ನು ಕೊಡ್ರಿ’ ಎಂದೆ.

ಬಸ್ಸಿನ ಮೆಟ್ಟಿಲ ಹತ್ತಿರ ನಿಂತು, ಅರ್ಜಿಯನ್ನು ಮಗಳ ಬೆನ್ನ ಮೇಲಿಟ್ಟು ಸಹಿ ಹಾಕಿದೆ. ಏನು ಬರೆಯುತ್ತಿದ್ದೇನೆಂದು ಅವಳಿಗೆ ಬೆನ್ನಿನಲ್ಲೇ ತಿಳಿದಿರಬೇಕು, ಅಲುಗಾಡದೆ ನಿಂತಳು. ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಬಿತ್ತು. ಅವಳು ತಿರುಗಿ ಕಾಗದ ತೆಗೆದುಕೊಂಡಾಗ ಏನಾದರೂ ಹೇಳಬೇಕೆನಿಸಿತು.

‘ನೋಡ್ಕೊಂಡು ಹೋಗು’ ಎಂದೆ.